ಇನ್ನೊಂದು ಬೀಗದ ಕೈ

ತಾರಸಿಯಿಂದ ಒಣಗಿದ ಬಟ್ಟೆಯ ರಾಶಿಯನ್ನು ಎದೆಗೆ ಅವುಚಿಕೊಂಡು ಇಳಿಯುತ್ತಿದ್ದೆ. ಮೆಟ್ಟಿಲು ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ, ಇನ್ನೂ ಎರಡು ಬಾಕಿ ಇದ್ದವು. ಬಲಗಾಲು ಒಳಕ್ಕೆ ಮಡಚಿಕೊಂಡಿತು, ಅದರ ಮೇಲೆಯೇ ನಾನು ಕುಸಿದೆ. ಒಣಕಡ್ಡಿ ಮುರಿದ ಹಾಗೆ ಟಕ್ ಅಂತ ಒಂದು ಸದ್ದು. ಮೊದಲು ಸದ್ದು, ನೋವು ಆಮೇಲೆ.

ಬಟ್ಟೆಯೆಲ್ಲ ಸುತ್ತ ಹರಡಿತ್ತು. ಆಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಕೂತಲ್ಲೇ ಕೈಗೆ ಸಿಕ್ಕಿದ ಬಟ್ಟೆಗಳನ್ನು ಮಡಚಿದ್ದು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಯಾರಾದರೂ ಬಂದರೆ ನೋಡೋಕೆ ಚೆನ್ನಾಗಿರಲಿ ಅಂತ ಇರಬೇಕು. ಹತ್ತು ನಿಮಿಷ ಕಳೆದರೂ ಯಾರೂ ಬರಲಿಲ್ಲ. ಅಷ್ಟರಲ್ಲಿ ಕಾಲಿನ ಗಂಟು ಎಲ್ಲಿದೆ ಅಂತಲೇ ಕಾಣದ ಹಾಗೆ ಬಾವು ಬಂದಿತ್ತು.

ಫೋನ್ ಜೇಬಿನಲ್ಲೇ ಇತ್ತು. ಹೆಸರುಗಳನ್ನು ಮೇಲಿನಿಂದ ಕೆಳಗೆ ನೋಡುತ್ತಾ ಹೋದೆ. ಒಬ್ಬ ಗೆಳತಿ ಈಗ ಆಫೀಸಿನಲ್ಲಿರುತ್ತಾಳೆ. ಇನ್ನೊಬ್ಬಳ ಮಗುವಿಗೆ ಎಂಟು ತಿಂಗಳು. ಜೊತೆಗೆ ಕೆಲಸ ಮಾಡುವವನೊಬ್ಬ ಖಂಡಿತ ಬರುತ್ತಾನೆ, ಆದರೆ ಹಾಕಿಕೊಂಡಿದ್ದ ಹರಕು ಪೈಜಾಮದಲ್ಲಿ ಅವನ ಮುಂದೆ ಹೇಗೆ? ಅಮ್ಮ, ಅಪ್ಪ ಇರುವುದು ಒಂದೂವರೆ ದಿನದ ಪ್ರಯಾಣದಷ್ಟು ದೂರ. ಅಮ್ಮನಿಗೆ ಮಂಡಿನೋವು, ಅಪ್ಪನನ್ನು ಒಬ್ಬರನ್ನೇ ಬಿಟ್ಟು ಬರುವ ಹಾಗಿಲ್ಲ. ಅವರಿಗೆ ಹೇಳಿದರೆ ಅವರ ನಿದ್ದೆ ಕೆಡುತ್ತದೆ, ಅಷ್ಟೇ.

ಕೊನೆಗೆ ಉಳಿದದ್ದು ಅಕ್ಕನ ಹೆಸರು.

ಅಕ್ಕ ಅಂದರೆ ದೊಡ್ಡಮ್ಮನ ಮಗಳು. ನಾನು ಕೆಲಸಕ್ಕೆ ಅಂತ ಈ ದೂರದ ಊರಿಗೆ ಬರುವ ಎಷ್ಟೋ ವರ್ಷ ಮೊದಲೇ ಅವಳು ಮದುವೆಯಾಗಿ ಇಲ್ಲಿಗೆ ಬಂದಿದ್ದಳು. ನಾನು ಹೊರಟಾಗ ಅಮ್ಮ ಹತ್ತು ಸಲ ಹೇಳಿದ ಮಾತು, "ಹೇಗೂ ಅವಳು ಅಲ್ಲಿದ್ದಾಳಲ್ಲ." ನಾನು ಸರಿಯಾಗಿ ಅದೇ ಕಾರಣಕ್ಕೆ ಊರಿನ ಇನ್ನೊಂದು ತುದಿಯಲ್ಲಿ ಮನೆ ಹುಡುಕಿದೆ. ಅವಳ ಮನೆಯಿಂದ ನಲವತ್ತು ನಿಮಿಷ. ಆಫೀಸಿಗೆ ಹತ್ತಿರ ಅಂತ ಎಲ್ಲರಿಗೂ ಹೇಳಿದ್ದೆ. ಹಾಗೇನೂ ಹತ್ತಿರವಿರಲಿಲ್ಲ.

ಅಕ್ಕನ ಮೇಲೆ ಸಿಟ್ಟಿರಲಿಲ್ಲ. ಅವಳಿಂದ ಅಮ್ಮನಿಗೆ ಹೋಗುವ ಸುದ್ದಿಯ ಮೇಲೆ ಸಿಟ್ಟಿತ್ತು. ಬಂದ ಮೊದಲ ತಿಂಗಳು ಅವಳ ಮನೆಯಲ್ಲಿ ಎರಡು ಸಲ ಕೆಮ್ಮಿದ್ದೆ. ನಾನು ನನ್ನ ಮನೆ ತಲುಪುವ ಮೊದಲೇ ಅಮ್ಮನ ಫೋನ್ ಬಂದಿತ್ತು, "ಕೆಮ್ಮಂತೆ?" ಒಬ್ಬಳೇ ಬದುಕಬೇಕು ಅಂತ ಇಷ್ಟು ದೂರ ಬಂದವಳಿಗೆ ಇದು ಯಾಕೆ ಬೇಕು ಅನ್ನಿಸಿತು. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಮುಖ ತೋರಿಸಿ ಬರುತ್ತಿದ್ದೆ. ನಾಲ್ಕು ವರ್ಷ ಹೀಗೇ ನಡೆದಿತ್ತು.

"ಅಕ್ಕಾ, ಬಿದ್ದುಬಿಟ್ಟೆ."

ಹೇಗೆ, ಯಾವಾಗ, ನೋಡಿಕೊಂಡು ಇಳಿಯಬಾರದಿತ್ತಾ, ಇದ್ಯಾವುದೂ ಅವಳ ಬಾಯಿಂದ ಬರಲಿಲ್ಲ. "ಎಲ್ಲಿದೀಯ?" ಅಂದಳು. ಮೆಟ್ಟಿಲ ಹತ್ತಿರ ಅಂದೆ. "ಕಾಲು ಊರಬೇಡ. ಬಂದೆ." ಫೋನ್ ಇಟ್ಟಳು. ನಲವತ್ತು ನಿಮಿಷದ ದಾರಿಗೆ ಮೂವತ್ತೇ ನಿಮಿಷ ಹಿಡಿಯಿತು. ಭಾವ, ಅವಳ ಮಗ, ಅವಳು, ಮೂವರೂ ಬಂದಿದ್ದರು. ನನ್ನ ಮನೆಯ ಪ್ಲಾಸ್ಟಿಕ್ ಕುರ್ಚಿ ತಂದು, ಅದರಲ್ಲಿ ನನ್ನನ್ನು ಕೂರಿಸಿ, ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಅಕ್ಕ ಹಿಂದೆ ಬರುತ್ತಾ ಉಳಿದ ಬಟ್ಟೆಗಳನ್ನು ಆಯ್ದುಕೊಳ್ಳುತ್ತಿದ್ದಳು. "ಇದ್ಯಾಕೆ ಅರ್ಧ ಮಡಚಿದೆ?" ಅಂತ ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಎಕ್ಸ್‌ರೇಯಲ್ಲಿ ಕಾಲಿನ ಹೊರಬದಿಯ ಸಣ್ಣ ಮೂಳೆ ಓರೆಯಾಗಿ ಮುರಿದಿತ್ತು. ಗಂಟು ತನ್ನ ಜಾಗದಿಂದ ಸ್ವಲ್ಪ ಸರಿದಿತ್ತು. ಸುಮ್ನೆ ಪ್ಲಾಸ್ಟರ್ ಹಾಕಿದರೆ ಸಾಲದು, ಪ್ಲೇಟು ಸ್ಕ್ರೂ ಹಾಕಬೇಕು ಅಂದರು ಡಾಕ್ಟರು. ಆದರೆ ಇವತ್ತಲ್ಲ. ಬಾವು ಇರುವಾಗ ಚರ್ಮ ಬಿಗಿಯಾಗಿರುತ್ತದೆ, ಆಗ ಕೊಯ್ದರೆ ಗಾಯ ಸರಿಯಾಗಿ ಕೂಡುವುದಿಲ್ಲ. ಬಾವು ಇಳಿದು ಚರ್ಮದ ಮೇಲೆ ಸಣ್ಣ ಸುಕ್ಕು ಕಾಣಿಸಬೇಕು, ಅಲ್ಲಿಯವರೆಗೆ ಕಾಯಬೇಕು. ನನಗೆ ಒಂದು ವಾರ ಹಿಡಿಯಿತು. ಸುಕ್ಕು ಯಾವಾಗ ಬರುತ್ತದೋ ಅಂತ ದಿನಾ ಕಾತರದಿಂದ ಕಾದದ್ದು ಜೀವನದಲ್ಲಿ ಅದೊಂದೇ ವಾರ.

ಆಸ್ಪತ್ರೆಯ ಫಾರಂನಲ್ಲಿ ರೋಗಿಯ ಜೊತೆ ಇರುವವರು ಯಾರು, ಸಂಬಂಧ ಏನು ಅಂತ ಒಂದು ಸಾಲು ಇತ್ತು. ಅಕ್ಕ ತನ್ನ ಹೆಸರು ಬರೆದು, ಸಂಬಂಧದ ಜಾಗದಲ್ಲಿ ಅಕ್ಕ ಅಂತ ತುಂಬಿದಳು. ಇಬ್ಬರ ಅಪ್ಪಂದಿರ ಹೆಸರು ಬೇರೆ ಇದ್ದದ್ದು ನೋಡಿ ಕೌಂಟರಿನವರು, ಸ್ವಂತ ಅಕ್ಕನಾ ಅಂತ ಕೇಳಿದರು. ಅಕ್ಕ ಅಲ್ಲಿಯ ಭಾಷೆಯಲ್ಲಿ ನಗುತ್ತಾ ಹೌದು ಅಂದಳು. ಆಮೇಲೆ ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲಿ, "ಮತ್ತೇನು, ಬಾಡಿಗೆಗೆ ತಂದಿದ್ದೀಯಾ?" ಅಂದಳು. ಅಷ್ಟು ನೋವಿನಲ್ಲೂ ನಗು ಬಂತು. ದೊಡ್ಡಮ್ಮನ ಮಗಳಿಗೆ ನಮ್ಮಲ್ಲಿ ಬೇರೆ ಪದವೇ ಇಲ್ಲವಲ್ಲ. ಅಕ್ಕ ಅಂದರೆ ಅಕ್ಕ.

ಮುಂದಿನ ಪ್ರಶ್ನೆ, ನಾನು ಎಲ್ಲಿರುವುದು? ಅವಳ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ನನ್ನದು ನೆಲಮಟ್ಟದ ಮನೆ. ಹಾಗಾಗಿ ನಾನು ನನ್ನ ಮನೆಯಲ್ಲೇ ಇರುವುದು, ಅವಳು ಬಂದು ಹೋಗಿ ಮಾಡುವುದು ಅಂತ ಆಯಿತು. ನನಗೆ ಒಳಗೊಳಗೇ ಸಮಾಧಾನ. ಅವಳು ಕೈ ಚಾಚಿದಳು. "ಇನ್ನೊಂದು ಕೀ ಎಲ್ಲಿದೆ?"

ಆ ಇನ್ನೊಂದು ಬೀಗದ ಕೈ ನಾಲ್ಕು ವರ್ಷದಿಂದ ಕಪಾಟಿನ ಮೂಲೆಯಲ್ಲಿತ್ತು, ಯಾರಿಗೂ ಕೊಟ್ಟಿರಲಿಲ್ಲ. ನಾನೇ ಎದ್ದು ಬಾಗಿಲು ತೆಗೆಯುತ್ತೇನೆ ಅಂದೆ. ಅವಳು ನನ್ನ ಕಾಲು ನೋಡಿದಳು, ನನ್ನ ಮುಖ ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊಟ್ಟೆ.

ಆಪರೇಷನ್ ಮುಗಿಯುವವರೆಗೆ ಅಮ್ಮನಿಗೆ ಹೇಳುವುದು ಬೇಡ ಅಂತ ನಾನು. "ನಾನು ಸುಳ್ಳು ಹೇಳಲ್ಲ. ಹೇಗೆ ಹೇಳಬೇಕು ಅಂತ ನನಗೆ ಬಿಡು" ಅಂದಳು ಅಕ್ಕ. ನನ್ನ ಎದುರಿಗೇ ಫೋನ್ ಮಾಡಿದಳು. "ಚಿಕ್ಕಮ್ಮ, ಇವಳ ಕಾಲಿನ ಮೂಳೆ ಮುರಿದಿದೆ. ಡಾಕ್ಟರಿಗೆ ತೋರಿಸಿ ಆಯ್ತು. ನಾನು ಇಲ್ಲೇ ಕೂತಿದ್ದೀನಿ. ಇವಳು ಮುಖ ಸಿಂಡರಿಸಿಕೊಂಡು ನನ್ನನ್ನೇ ನೋಡ್ತಾ ಇದ್ದಾಳೆ, ಮಾತಾಡಿ."

ಅಮ್ಮ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. "ರಾತ್ರಿ ಅವಳು ಅಲ್ಲೇ ಇರ್ತಾಳಾ?" ಅಂತ ಕೇಳಿದಳು. ಇರ್ತಾಳೆ ಅಂದೆ. ಅಷ್ಟು ದೂರದಿಂದಲೂ ಅವಳು ಉಸಿರು ಬಿಟ್ಟದ್ದು ಕೇಳಿಸಿತು.

ಇದು ನನಗೆ ಆವತ್ತಿನವರೆಗೆ ಹೊಳೆದಿರಲಿಲ್ಲ. ನಾಲ್ಕು ವರ್ಷದಿಂದ ನಾನು ಅಮ್ಮನಿಗೆ ದಿನಾ ಹೇಳುತ್ತಿದ್ದದ್ದು "ಚೆನ್ನಾಗಿದ್ದೀನಿ" ಅನ್ನುವ ಒಂದೇ ಮಾತು. ಜ್ವರ ಇದ್ದಾಗಲೂ ಅದೇ, ಕೆಲಸ ಹೋಗುವ ಹಾಗಿದ್ದಾಗಲೂ ಅದೇ. ಹಾಗೆ ಹೇಳಿ ಹೇಳಿ ಆ ಮಾತಿಗೆ ಬೆಲೆಯೇ ಉಳಿದಿರಲಿಲ್ಲ. ನನ್ನ ಬಗ್ಗೆ ಅಮ್ಮ ನಂಬುತ್ತಿದ್ದದ್ದು ಅಕ್ಕನ ಬಾಯಿಂದ ಬಂದ ಸುದ್ದಿಯನ್ನು ಮಾತ್ರ. ನಾನು ಚಾಡಿ ಅಂದುಕೊಂಡದ್ದನ್ನು ನೆಚ್ಚಿಕೊಂಡೇ ಅಲ್ಲಿ ಅಮ್ಮ ನಿದ್ದೆ ಮಾಡುತ್ತಿದ್ದಳು.

ಆಪರೇಷನ್ ದಿನ ಬೆಳಿಗ್ಗೆ ಹೊತ್ತಿಗೆ ಹೊಟ್ಟೆ ಖಾಲಿ. ಗಟ್ಟಿ ಆಹಾರ 6 ಗಂಟೆ ಮೊದಲೇ ಬಂದ್, ನೀರು 2 ಗಂಟೆ ಮೊದಲು. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಅದಕ್ಕೆ ದಿಂಬನ್ನು ತಬ್ಬಿಕೊಂಡು, ಗಲ್ಲ ಎದೆಗೆ ತಾಗಿಸಿ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಕೂರಬೇಕು. ಅಲುಗಬಾರದು. ಆ ಕೋಣೆ ವಿಪರೀತ ತಣ್ಣಗಿತ್ತು, ನನಗೆ ನಡುಕ. ಅಕ್ಕನನ್ನು ಒಳಗೆ ಬಿಡುವುದಿಲ್ಲವಲ್ಲ. ಒಬ್ಬ ನರ್ಸಮ್ಮ ಎದುರಿಗೆ ನಿಂತು ನನ್ನ ಎರಡೂ ಭುಜ ಹಿಡಿದುಕೊಂಡರು. ಅವರ ಹೆಸರು ಕೇಳಲಿಲ್ಲ, ಮಾಸ್ಕಿನ ಹಿಂದಿನ ಮುಖವೂ ನೋಡಲಿಲ್ಲ. ಆ ಕೈ ಇಲ್ಲದೆ ಹೋಗಿದ್ದರೆ ನಾನು ಮಂಚದಿಂದ ಇಳಿದು ಓಡಲು ನೋಡುತ್ತಿದ್ದೆ, ಅದೂ ಒಂದೇ ಕಾಲಲ್ಲಿ.

ಆಮೇಲೆ ಮಲಗಿದ್ದ ದಿನಗಳಲ್ಲಿ ಇದರ ಬಗ್ಗೆಯೇ ಒಂದು ಪ್ರಯೋಗ ಓದಿದೆ. 2006ರಲ್ಲಿ ಜೇಮ್ಸ್ ಕೋನ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 16 ಜನ ವಿವಾಹಿತ ಹೆಂಗಸರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಸಣ್ಣ ಕರೆಂಟ್ ಶಾಕ್ ಹೊಡೆಯಬಹುದು ಅಂತ ಹೆದರಿಸಿದರು. ಒಂದು ಸಲ ಗಂಡನ ಕೈ ಹಿಡಿದಿದ್ದರು, ಒಂದು ಸಲ ಅಪರಿಚಿತರ ಕೈ, ಒಂದು ಸಲ ಯಾರ ಕೈಯೂ ಇಲ್ಲ. ಗಂಡನ ಕೈ ಇದ್ದಾಗ ಮಿದುಳಿನ ಹೆದರಿಕೆಯ ಭಾಗಗಳು ಎಲ್ಲಕ್ಕಿಂತ ಹೆಚ್ಚು ತಣ್ಣಗಿದ್ದವು. ಅಪರಿಚಿತರ ಕೈಯೂ ಕೆಲಸ ಮಾಡಿತು, ಆದರೆ ಕಡಿಮೆ. ಓದಿದಾಗ ಆ ನರ್ಸಮ್ಮ ನೆನಪಾದರು. ಅಪರಿಚಿತರ ಕೈಯೇ ಇಷ್ಟು ಮಾಡಿದರೆ ಅಂತ ಯೋಚಿಸಿದೆ. ಈ ಪ್ರಯೋಗ ಅಕ್ಕಂದಿರ ಮೇಲೆ ಯಾಕೆ ಮಾಡಲಿಲ್ಲವೋ. ನಮ್ಮಕ್ಕ ಆಗಿದ್ದರೆ ಕೈ ಹಿಡಿಯುವ ಬದಲು ಆ ಶಾಕ್ ಕೊಡುವವರ ಜೊತೆ ಜಗಳಕ್ಕೆ ಹೋಗುತ್ತಿದ್ದಳು.

ಡ್ರಿಲ್ಲಿನ ಸದ್ದು ಕೇಳಿಸುತ್ತಿತ್ತು, ಅದು ಯಾರದೋ ಕಾಲು ಅನ್ನುವ ಹಾಗೆ. ಒಂದು ಪ್ಲೇಟು, ಆರು ಸ್ಕ್ರೂ. ಈ ಭಾಗದ ಬಗ್ಗೆ ಹೇಳುವುದು ಇಷ್ಟೇ.

ರಾತ್ರಿ ಮರಗಟ್ಟಿದ್ದು ಬಿಟ್ಟ ಮೇಲೆ ನೋವು ಬಂತು ನೋಡಿ. ಮಾತ್ರೆ, ಡ್ರಿಪ್ಪು ಎಲ್ಲ ಇದ್ದರೂ ಎರಡು ಗಂಟೆಯ ಹೊತ್ತಿಗೆ ಕಣ್ಣು ತೆರೆದೇ ಇತ್ತು. ಪಕ್ಕದ ಬೆಂಚಿನ ಮೇಲೆ ಅಕ್ಕ ಮಲಗಿದ್ದಳು. ಗೊರಕೆ ಹೊಡೆಯುತ್ತಿದ್ದಳು. ಚಿಕ್ಕವರಿದ್ದಾಗ ರಜೆಯಲ್ಲಿ ಎಲ್ಲರೂ ಸಾಲಾಗಿ ಮಲಗುತ್ತಿದ್ದೆವು, ಇದೇ ಗೊರಕೆಗೆ ನಾನು ಅವಳನ್ನು ಎಷ್ಟೋ ಸಲ ಒದ್ದಿದ್ದೇನೆ. ಈಗ ಒದೆಯುವ ಹಾಗೂ ಇಲ್ಲ. ಸುಮ್ನೆ ಕೇಳುತ್ತಾ ಮಲಗಿದೆ. ನಾಲ್ಕು ವರ್ಷದಲ್ಲಿ ನಾನು ಮಲಗಿದ ಕೋಣೆಯಲ್ಲಿ ಇನ್ನೊಬ್ಬರ ಉಸಿರು ಕೇಳಿದ್ದು ಅದೇ ಮೊದಲು. ನೋವೇನೂ ಕಡಿಮೆ ಆಗಲಿಲ್ಲ. ಆದರೆ ಗಡಿಯಾರ ನೋಡುವುದನ್ನು ಬಿಟ್ಟೆ.

ಮನೆಗೆ ಬಂದ ಮೇಲೆ ಶುರುವಾಯಿತು ನಿಜವಾದ ಕಥೆ. 6 ವಾರ ಆ ಕಾಲಿನ ಮೇಲೆ ಭಾರ ಹಾಕುವ ಹಾಗಿಲ್ಲ. ಎರಡು ಊರುಗೋಲು. ಊರುಗೋಲಿನ ಭಾರ ಕಂಕುಳಿಗೆ ಬೀಳಬಾರದು, ಅಂಗೈಗೆ ಬೀಳಬೇಕು, ಕಂಕುಳಿಗೂ ಕೋಲಿಗೂ ನಡುವೆ ಎರಡು ಮೂರು ಬೆರಳು ಜಾಗ ಬಿಡಬೇಕು ಅಂತ ಹೇಳಿಕೊಟ್ಟರು. ಕಂಕುಳಿನ ನರ ಒತ್ತಿ ಕೈ ಜೋಮು ಹಿಡಿಯುತ್ತದಂತೆ. ಇದೆಲ್ಲ ಹೇಳಿದರು, ಒಂದು ಮಾತ್ರ ಯಾರೂ ಹೇಳಲಿಲ್ಲ. ಊರುಗೋಲು ಹಿಡಿದವರಿಗೆ ಕೈ ಇರುವುದಿಲ್ಲ.

ಮೊದಲ ದಿನವೇ ಗೊತ್ತಾಯಿತು. ಅಡುಗೆಮನೆಗೆ ಕುಪ್ಪಳಿಸಿಕೊಂಡು ಹೋಗಿ ಲೋಟಕ್ಕೆ ನೀರು ಬಗ್ಗಿಸಿಕೊಂಡೆ. ಹಾಸಿಗೆಯ ಹತ್ತಿರ ತರುವುದು ಹೇಗೆ? ಎರಡೂ ಕೈಯಲ್ಲಿ ಕೋಲು. ಲೋಟವನ್ನೇ ನೋಡುತ್ತಾ ಐದು ನಿಮಿಷ ನಿಂತಿದ್ದೆ. ಕಾಲು ಮುರಿದಾಗ ಬರದ ಅಳು ಆ ಲೋಟದ ಮುಂದೆ ಬಂತು. ಆಮೇಲೆ ಮುಚ್ಚಳವಿರುವ ಬಾಟಲಿ, ಹೆಗಲಿಗೆ ಹಾಕುವ ಚೀಲ ಅಂತ ಉಪಾಯಗಳು ಬಂದವು. ಅಕ್ಕ ಹಾಸಿಗೆಯಿಂದ ಬಚ್ಚಲವರೆಗೆ ಸಾಲಾಗಿ ಸ್ಟೂಲು, ಕುರ್ಚಿ ಇಟ್ಟು ಅದಕ್ಕೆ ಬಸ್ ಸ್ಟಾಪು ಅಂತ ಹೆಸರಿಟ್ಟಳು. ನೆಲದ ಮೇಲಿದ್ದ ಕಾಲೊರೆಸುವ ಬಟ್ಟೆಗಳನ್ನೆಲ್ಲ ಸುತ್ತಿ ಮಂಚದ ಕೆಳಗೆ ತಳ್ಳಿದಳು, ಕೋಲು ಜಾರದಿರಲಿ ಅಂತ.

ಸ್ನಾನದ ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ, ಯಾಕೆಂದರೆ ಒಬ್ಬರೇ ಇರುವವರಿಗೆ ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿಲ್ಲ. ಪಟ್ಟಿಯ ಮೇಲೆ ಪ್ಲಾಸ್ಟಿಕ್ ಕವರು, ಅದರ ಬಾಯಿಗೆ ಟೇಪು, ಆ ಕಾಲು ಒಂದು ಸ್ಟೂಲಿನ ಮೇಲೆ, ನಾನು ಕುರ್ಚಿಯ ಮೇಲೆ. ಮೂವತ್ತು ದಾಟಿದವಳಿಗೆ ಇನ್ನೊಬ್ಬರು ನೀರು ಹೊಯ್ಯುವುದು! ಮೊದಲ ದಿನ ಕಣ್ಣು ಮುಚ್ಚಿಕೊಂಡೇ ಇದ್ದೆ. ಎರಡನೇ ದಿನ ಅಕ್ಕ ತನ್ನ ಆಫೀಸಿನ ಯಾವುದೋ ರಾಜಕೀಯ ಹೇಳುತ್ತಾ ನೀರು ಹೊಯ್ದಳು. ಮೂರನೇ ದಿನ, "ತಲೆಯೇನು ಹಕ್ಕಿ ಗೂಡು ಮಾಡ್ಕೊಂಡಿದೀಯ, ಬಾಚೋದೇ ಇಲ್ವಾ?" ಅಂತ ಬೈದಳು. ಬೈಗುಳ ಬಂದ ದಿನ ನಾಚಿಕೆ ಹೋಯಿತು.

ಕಾಲು ಆಡದೆ ಇದ್ದರೆ ರಕ್ತ ಹೆಪ್ಪುಗಟ್ಟಬಹುದು ಅಂತ ಕೆಲವು ದಿನ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್ ತೆಗೆದುಕೊಳ್ಳಬೇಕಿತ್ತು. ನಾವೇ ಚುಚ್ಚಿಕೊಳ್ಳುವಂಥದ್ದು. ಅಕ್ಕನಿಗೆ ಸೂಜಿ ಕಂಡರೆ ಆಗುವುದಿಲ್ಲ. ಭಾವ ಆ ಹೊತ್ತಿಗೆ ಸರಿಯಾಗಿ ಹೊರಗೆ ಫೋನ್ ಮಾತಾಡಲು ಹೋಗುತ್ತಿದ್ದರು. ಕೊನೆಗೆ ಎಂಟನೇ ಕ್ಲಾಸಿನ ಮಗ ಚೀಟಿ ಹಿಡಿದು ನಿಂತು ಪಾಠ ಓದುವ ಹಾಗೆ ಓದಿದ, "ಹೊಕ್ಕಳಿಂದ ಎರಡು ಇಂಚು ದೂರ, ಚರ್ಮ ಚಿವುಟಿ ಹಿಡಿಯಿರಿ, ನೇರವಾಗಿ. ಚಿಕ್ಕೀ, ನೇರವಾಗಿ ಅಂತಿದೆ!" ನಾನು ಚುಚ್ಚಿಕೊಂಡೆ. ಅಕ್ಕ ಬಾಗಿಲ ಹಿಂದಿನಿಂದ "ಆಯ್ತಾ?" ಅಂದಳು. ದಿನಾ ಇದೇ ನಾಟಕ.

ಗೆಳೆಯರು ಬರಲಿಲ್ಲ ಅಂತ ಯಾರೂ ತಿಳಿಯಬಾರದು. ಬಂದರು. ಇನ್ಶೂರೆನ್ಸ್ ಕಾಗದ, ಆಫೀಸಿನ ರಜೆ, ಬ್ಯಾಂಕಿನ ಕೆಲಸ, ಇದೆಲ್ಲ ಮಾಡಿದ್ದು ಗೆಳತಿಯರೇ. ಅಕ್ಕನಿಗೆ ಬಿಟ್ಟಿದ್ದರೆ ಆ ಕಾಗದಗಳು ಇವತ್ತಿಗೂ ಅಲ್ಲೇ ಇರುತ್ತಿದ್ದವು. ಕಷ್ಟದ ಕೆಲಸ ಲೆಕ್ಕ ಹಾಕಿದರೆ ಅವರು ಮಾಡಿದ್ದೇ ಜಾಸ್ತಿ. ಆದರೂ ಒಂದು ವ್ಯತ್ಯಾಸ ಇತ್ತು. ಅವರು ಬರುತ್ತಾರೆ ಅಂದರೆ ನಾನು ಅರ್ಧ ಗಂಟೆ ಮೊದಲೇ ತಲೆ ಬಾಚಿಕೊಳ್ಳುತ್ತಿದ್ದೆ. ಹಾಸಿಗೆಯ ಹೊದಿಕೆ ಸರಿ ಮಾಡುತ್ತಿದ್ದೆ. ನಗುತ್ತಿದ್ದೆ. ಹೋಗುವಾಗ ಅವರು "ಏನಾದರೂ ಬೇಕಾದರೆ ಹೇಳು" ಅನ್ನುತ್ತಿದ್ದರು, ಮನಸಾರೆ. ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುತ್ತಿದ್ದೆ, ಇವಳಿಗೆ ಎರಡು ಋಣ, ಅವನಿಗೆ ಒಂದು.

ಅಕ್ಕ ಏನು ಬೇಕು ಅಂತ ಒಂದು ಸಲವೂ ಕೇಳಲಿಲ್ಲ. ಬೀಗದ ಕೈ ತಿರುಗುವ ಸದ್ದು, ಚಪ್ಪಲಿ ಬಿಡುವ ಸದ್ದು, ನೇರವಾಗಿ ಫ್ರಿಡ್ಜ್ ತೆರೆಯುವ ಸದ್ದು. ಕೆಲವು ದಿನ ಏನೂ ಮಾಡುತ್ತಿರಲಿಲ್ಲ. ಬಂದು ನನ್ನ ಕಾಲಿನ ಹತ್ತಿರ ಕೂತು ತನ್ನ ಫೋನ್ ನೋಡುತ್ತಿದ್ದಳು. ಒಂದು ಗಂಟೆ ಮಾತಿಲ್ಲ. ಆಮೇಲೆ ಎದ್ದು ಹೋಗುತ್ತಿದ್ದಳು. ಅಷ್ಟಕ್ಕೇ ನಲವತ್ತು ನಿಮಿಷ ಬಂದು ನಲವತ್ತು ನಿಮಿಷ ಹೋಗುವುದು. ನನಗೆ ಜಾಸ್ತಿ ಬೇಕಾಗಿದ್ದದ್ದು ಆ ಕೆಲಸವಿಲ್ಲದ ಒಂದು ಗಂಟೆಯೇ ಅಂತ ಈಗ ಅನ್ನಿಸುತ್ತದೆ. ಅದನ್ನು ಯಾವ ಗೆಳತಿಯ ಹತ್ತಿರ ಹೇಗೆ ಕೇಳುವುದು?

ಇನ್ನೊಂದು ವ್ಯತ್ಯಾಸ, ಭಾಷೆಯದ್ದು. ಆಸ್ಪತ್ರೆಯಲ್ಲಿ ನೋವು ಎಷ್ಟು ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೇಳುತ್ತಾರೆ. ನಾನು ಆರು ಅನ್ನುತ್ತಿದ್ದೆ, ಏಳು ಅನ್ನುತ್ತಿದ್ದೆ. ಸುಮ್ನೆ ಬಾಯಿಗೆ ಬಂದ ಅಂಕ. ಅಕ್ಕ ಕೇಳುತ್ತಿದ್ದದ್ದು ಬೇರೆ. "ಸೆಳೆಯುತ್ತಾ? ಚುಚ್ಚುತ್ತಾ? ಉರಿಯಾ? ಜೋಮಾ?" ಆಗ ಗೊತ್ತಾಗುತ್ತಿತ್ತು, ಹಗಲು ಸೆಳೆತ, ರಾತ್ರಿ ಮಿಡಿತ, ಹೊಲಿಗೆಯ ಹತ್ತಿರ ನವೆ. 2 ವಾರಕ್ಕೆ ಹೊಲಿಗೆ ಬಿಚ್ಚುವಾಗ ಡಾಕ್ಟರಿಗೆ ಇದನ್ನೇ ಅಲ್ಲಿಯ ಭಾಷೆಗೆ ತಿರುಗಿಸಿ ಹೇಳಿದೆ, ಅವರು ಅದನ್ನು ಬರೆದುಕೊಂಡರು.

ಮನೆಯ ಕೊರಗನ್ನು ಹಿಂದೆ ಕಾಯಿಲೆ ಅಂತಲೇ ಎಣಿಸುತ್ತಿದ್ದರಂತೆ. 1688ರಲ್ಲಿ ಯೋಹಾನೆಸ್ ಹೋಫರ್ ಅನ್ನುವ ವೈದ್ಯ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅದರ ಮೇಲೆ ಪ್ರಬಂಧ ಬರೆದು, ಗ್ರೀಕಿನ ಎರಡು ಪದ ಜೋಡಿಸಿ ನಾಸ್ಟಾಲ್ಜಿಯಾ ಅಂತ ಹೆಸರಿಟ್ಟ. ಮನೆಗೆ ಮರಳುವುದು ಒಂದು ಪದ, ನೋವು ಇನ್ನೊಂದು. ದೂರದಲ್ಲಿದ್ದವರು ಕೃಶವಾಗುತ್ತಾ ಹೋಗಿ, ಮನೆಗೆ ಕಳಿಸಿದರೆ ಚೇತರಿಸಿಕೊಳ್ಳುತ್ತಿದ್ದರು ಅಂತ ಬರೆದಿದ್ದಾನೆ. ನಾಲ್ಕನೇ ವಾರ ಒಂದು ಸಂಜೆ ಇದನ್ನು ಅಕ್ಕನಿಗೆ ಓದಿ ಹೇಳಿದೆ. "ಮನೆಗೆ ಕಳಿಸೋಕಾಗದೆ ಇದ್ದರೆ?" ಅಂದಳು. ಅದು ನನಗೆ ಗೊತ್ತಿಲ್ಲ ಅಂದೆ. "ಹಂಗಾದ್ರೆ ಏಳು, ಬೆರಳು ಆಡಿಸು" ಅಂದಳು. ಕಾಲ್ಬೆರಳು ಆಡಿಸುವ ವ್ಯಾಯಾಮ ನಾನು ದಿನಾ ತಪ್ಪಿಸುತ್ತಿದ್ದೆ.

ಜಗಳ ಆದದ್ದು ಅದಕ್ಕೂ ಒಂದು ವಾರ ಮೊದಲು. ನನ್ನ ಕಪಾಟನ್ನು ಪೂರ್ತಿ ಬೇರೆ ಥರ ಜೋಡಿಸಿಟ್ಟಿದ್ದಳು. ಹಳೆಯ ಕಾಗದ ಅಂತ ಒಂದು ಕಟ್ಟು ಎಸೆದಿದ್ದಳು. ಅದರಲ್ಲಿ ನನ್ನ ಟಿಪ್ಪಣಿಗಳಿದ್ದವು. ಮೇಲಿಂದ ನನ್ನ ಕಾಲಿನ ಸುದ್ದಿ ಇಡೀ ಬಳಗಕ್ಕೆ ಹರಡಿತ್ತು. ವರ್ಷಗಟ್ಟಲೆ ಮಾತಾಡದ ಅತ್ತೆ, ಮಾವಂದಿರೆಲ್ಲ ವೀಡಿಯೊ ಕಾಲ್ ಮಾಡಿ "ಕಾಲು ತೋರಿಸು" ಅನ್ನುತ್ತಿದ್ದರು. ಒಬ್ಬರು ಮದುವೆಯ ವಿಷಯಕ್ಕೂ ಬಂದರು. ಕಾಲಿಗೂ ಅದಕ್ಕೂ ಏನು ಸಂಬಂಧವೋ. ಫೋನ್ ಇಟ್ಟವಳೇ ಕಿರುಚಿದೆ. ಇದು ನನ್ನ ಮನೆ, ನಿನ್ನದಲ್ಲ, ನಿನ್ನಿಂದ ದೂರ ಇರಬೇಕು ಅಂತಲೇ ಇಲ್ಲಿ ಮನೆ ಮಾಡಿದ್ದು ಅಂತ ಎಲ್ಲಾ ಹೇಳಿಬಿಟ್ಟೆ. ಹೇಳಬಾರದ ಆ ಕೊನೆಯ ಮಾತು ಕೂಡ.

"ಗೊತ್ತು" ಅಂದಳು ಅಕ್ಕ. "ನೀನು ಮನೆ ನೋಡುವಾಗಲೇ ಗೊತ್ತಿತ್ತು." ಚೀಲ ತೆಗೆದುಕೊಂಡು ಹೋದಳು.

ಆ ರಾತ್ರಿ ನಾನು ಒಂದು ಮೆಸೇಜ್ ಬರೆದು ಅಳಿಸಿದೆ, ಬರೆದು ಅಳಿಸಿದೆ. ಗೆಳತಿಯ ಜೊತೆ ಹೀಗಾಗಿದ್ದರೆ ಏನು ಮಾಡಬೇಕು ಅಂತ ಗೊತ್ತಿತ್ತು, ಉದ್ದದ ಕ್ಷಮಾಪಣೆ, ಸ್ವಲ್ಪ ದಿನದ ಮೌನ, ಆಮೇಲೆ ಹಿಂಜರಿಯುತ್ತಾ ಒಂದು ಭೇಟಿ. ಇದಕ್ಕೆ ಏನು ಬರೆಯುವುದು? ಬೆಳಿಗ್ಗೆ ಎಂಟೂವರೆಗೆ ಬೀಗದ ಕೈ ತಿರುಗಿತು. ಚಪ್ಪಲಿ. ಫ್ರಿಡ್ಜ್. "ಕಾಲು ಕೆಳಗೆ ಬಿಟ್ಕೊಂಡು ಕೂತಿದೀಯಲ್ಲ, ದಿಂಬಿನ ಮೇಲೆ ಇಡು." ಅಷ್ಟೇ. ಅವಳೂ ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಟಿಪ್ಪಣಿಯ ಕಟ್ಟು ಮಾತ್ರ ಸಂಜೆ ಮೇಜಿನ ಮೇಲಿತ್ತು. ಎಸೆದಿರಲಿಲ್ಲವಂತೆ, ಅವಳ ಮನೆಗೆ ತೆಗೆದುಕೊಂಡು ಹೋಗಿದ್ದಳಂತೆ. ಯಾಕೆ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ.

6 ವಾರಕ್ಕೆ ಎಕ್ಸ್‌ರೇ ಆಯಿತು. ಮೂಳೆ ಕೂಡಿಕೊಳ್ಳುತ್ತಿದೆ, ಸ್ವಲ್ಪ ಸ್ವಲ್ಪವೇ ಭಾರ ಹಾಕಿ ಅಂದರು. ಪಟ್ಟಿ ಬಿಚ್ಚಿದ ಕಾಲು ಪಕ್ಕದ ಕಾಲಿನ ತಮ್ಮನ ಹಾಗಿತ್ತು, ಮೀನಖಂಡ ಕರಗಿ ಹೋಗಿತ್ತು. ಫಿಸಿಯೋಥೆರಪಿಯಲ್ಲಿ ಮೊದಲು ಕಲಿಸಿದ್ದು ಮೆಟ್ಟಿಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಮುರಿದ ಕಾಲು ಮೊದಲು. ನಾನು ತಾರಸಿಯ ಅದೇ ಮೆಟ್ಟಿಲ ಮೇಲೆ ಅಭ್ಯಾಸ ಮಾಡುತ್ತಿದ್ದರೆ ಅಕ್ಕ ಕೆಳಗೆ ನಿಂತು, "ಮುರಿದಿದ್ದು ಮೊದಲು! ಮುರಿದಿದ್ದು ಮೊದಲು!" ಅಂತ ಕೂಗುತ್ತಿದ್ದಳು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಒಂಟಿ ಕಾಲಿನಲ್ಲಿ ಮೂವತ್ತು ಸೆಕೆಂಡ್ ನಿಲ್ಲುವುದು ಇನ್ನೊಂದು ಪಾಠ. ಅದಕ್ಕೆ ತಿಂಗಳೇ ಬೇಕಾಯಿತು.

ಕೈಯಲ್ಲಿ ಒಂದೇ ಕೋಲು ಉಳಿದ ಮೇಲೆ ಒಂದು ಭಾನುವಾರ ಯಾರಿಗೂ ಹೇಳದೆ ಹೊರಟೆ. ಅಕ್ಕನ ಮನೆಗೆ. ಅವಳಿಗೆ ಆಶ್ಚರ್ಯ ಮಾಡಬೇಕು ಅಂತ. ಮೂರು ಮಹಡಿ, ಐವತ್ತನಾಲ್ಕು ಮೆಟ್ಟಿಲು, ಒಳ್ಳೆಯ ಕಾಲು ಮೊದಲು. ಮೇಲೆ ತಲುಪಿದಾಗ ಉಸಿರು ಬಾಯಿಗೆ ಬಂದಿತ್ತು. ಬೆಲ್ ಒತ್ತಿದೆ. ಯಾರೂ ತೆಗೆಯಲಿಲ್ಲ. ಇನ್ನೊಂದು ಸಲ ಒತ್ತಿದೆ. ಬಾಗಿಲಿಗೆ ಬೀಗ ಇದ್ದದ್ದು ಆಮೇಲೆ ಕಂಡಿತು.

ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ.

"ಮೂರನೇ ಮಹಡಿ ಹತ್ತಿದೀಯಾ? ಬುದ್ಧಿ ಇದೆಯೇನೇ?" ಬೈಗುಳ ಮುಗಿಯುವವರೆಗೆ ಕಾದೆ. ಮೂವರೂ ಹೊರಗೆ ಹೋಗಿದ್ದರು, ಬರಲು ಇನ್ನೂ ಒಂದು ಗಂಟೆ. "ಒಳಗೆ ಹೋಗಿ ಕಾಲು ಎತ್ತಿ ಇಟ್ಕೊಂಡು ಕೂತ್ಕೋ."

"ಹೇಗೆ ಹೋಗಲಿ? ನನ್ನ ಹತ್ರ ನಿನ್ನ ಮನೆ ಕೀ ಎಲ್ಲಿದೆ?"

"ನೀನು ಯಾವತ್ತು ಕೇಳಿದ್ದೆ?"

ನಾನು ಸುಮ್ಮನಾದೆ. ಅವಳೂ ಒಂದು ಕ್ಷಣ ಸುಮ್ಮನಿದ್ದಳು. "ಎದುರು ಮನೆಯವರ ಹತ್ರ ಒಂದಿದೆ, ಇಸ್ಕೋ" ಅಂದಳು.

ಎದುರು ಮನೆಯ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೋಲು ನೋಡಿ, "ಓ, ನೀವೇನಾ ಆ ತಂಗಿ" ಅಂತ ಅಲ್ಲಿಯ ಭಾಷೆಯಲ್ಲಿ ಅಂದು ಬೀಗದ ಕೈ ಕೊಟ್ಟರು. ಒಳಗೆ ಹೋದೆ. ಸಂಜೆಯಾಗಿತ್ತು, ಕತ್ತಲು. ಬಾಯಾರಿತ್ತು. ನನ್ನ ಮನೆಯ ಯಾವ ಡಬ್ಬದಲ್ಲಿ ಏನಿದೆ ಅಂತ ಅವಳಿಗೆ ಗೊತ್ತು. ನಾನು ಅವಳ ಅಡುಗೆಮನೆಯ ಬಾಗಿಲಲ್ಲಿ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯಿಂದ ಗೋಡೆ ತಡವುತ್ತಾ ದೀಪದ ಸ್ವಿಚ್ ಹುಡುಕುತ್ತಿದ್ದೆ.